ಕಿವಿ ಮುಚ್ಚುವ ಹೆಡ್‌ಫೋನೂ ತೆರಕಣಾಂಬಿ ಮೇಷ್ಟರೂ

ಗುಂಡ್ಲುಪೇಟೆಯ ಬಸವಪ್ರಸಾದ್ ಯಾವುದನ್ನೂ ಸುಲಭವಾಗಿ ಒಪ್ಪಿಕೊಳ್ಳುವ ಆಸಾಮಿಯಲ್ಲ. ಇದನ್ನು ಹಠ ಅನ್ನಬೇಡಿ. ಹಠ ಮಾಡುವುದಕ್ಕೂ ಒಂದು ತೀರ್ಮಾನ ಬೇಕು, ಅದೇ ಅವನ ಹತ್ತಿರ ಇರಲಿಲ್ಲ. ಚಪ್ಪಲಿ ಅಂಗಡಿಗೆ ಹೋದರೆ ಎಡಗಾಲಿಗೊಂದು ಜಾತಿ, ಬಲಗಾಲಿಗೊಂದು ಜಾತಿ ಹಾಕಿಕೊಂಡು ಮುಚ್ಚುವ ಹೊತ್ತಿನವರೆಗೆ ಅಡ್ಡಾಡಿ, ಕೊನೆಗೆ ಹಳೇ ಚಪ್ಪಲಿಯಲ್ಲೇ ಮನೆಗೆ ಬರುತ್ತಿದ್ದ. ಅವನ ತಾಯಿ ಶಿವರುದ್ರಮ್ಮ ಮಗನಿಗೆ ಹೆಣ್ಣು ತೋರಿಸಿ ತೋರಿಸಿ ಸುಸ್ತಾಗಿದ್ದರು. ಕೊಳ್ಳೇಗಾಲದಿಂದ ನಂಜನಗೂಡಿನವರೆಗೆ ಅವನು ಕೇಸರಿಬಾತು ತಿನ್ನದೆ ಬಿಟ್ಟ ಹೆಣ್ಣಿನ ಮನೆ ಇರಲಿಲ್ಲ. ಎಲ್ಲ ಕಡೆಯೂ ತಿಂದು, ಕೈ ತೊಳೆದು, "ನೋಡನ" ಅಂದು ಎದ್ದು ಬರುತ್ತಿದ್ದ. ಹೀಗೆ ನೋಡುತ್ತ ನೋಡುತ್ತ ನೆತ್ತಿಯ ಕೂದಲು ತಾನಾಗಿಯೇ ಒಂದು ತೀರ್ಮಾನಕ್ಕೆ ಬಂದು ಹೊರಟುಹೋಗಿತ್ತು.

ಅವನ ಕೆಲಸ ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ, ಒಂದು ಬಟ್ಟೆ ಕಾರ್ಖಾನೆಯ ಉಗ್ರಾಣದಲ್ಲಿ. ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ, ತೆರಕಣಾಂಬಿ ದಾಟಿ, ಚಾಮರಾಜನಗರದಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು. ಸಾಯಂಕಾಲ ಅದೇ ಹಾದಿ ಉಲ್ಟಾ. ಈ ಪ್ರಯಾಣದಲ್ಲಿ ಅವನಿಗಿದ್ದ ಸುಖ ಒಂದೇ: ಫೋನಿನಲ್ಲಿ ತುಂಬಿಸಿಕೊಂಡಿದ್ದ ಹಳೇ ನಾಟಕ ಕಂಪನಿಗಳ ರಂಗಗೀತೆ. ಹಾರ್ಮೋನಿಯಂ ಎದ್ದಿತು ಅಂದರೆ ಬಸವಪ್ರಸಾದನ ತಲೆ ಅವನ ಮಾತು ಕೇಳುತ್ತಿರಲಿಲ್ಲ. ತಾಳಕ್ಕೆ ಮೇಲೆ ಕೆಳಗೆ, ಆಲಾಪಕ್ಕೆ ಎಡಕ್ಕೆ ಬಲಕ್ಕೆ.

ಆದರೆ ಕಿವಿಗೆ ಹಾಕಿಕೊಳ್ಳುವ ಸಾಮಾನು ಅವನ ಪಾಲಿಗೆ ನಿಲ್ಲುತ್ತಿರಲಿಲ್ಲ. ಕಿವಿಯೊಳಗೆ ತುರುಕುವ ಸಣ್ಣ ಗುಂಡಿಯಂಥದ್ದನ್ನು ತಂದ. ಬಸ್ಸು ಹಳ್ಳಕ್ಕೆ ಇಳಿದಾಗ ಕಿಟಕಿಯಿಂದ ಹಾರಿ ಹುರುಳಿ ಹೊಲ ಸೇರಿತು. ಇನ್ನೊಂದನ್ನು ಶಿವರುದ್ರಮ್ಮ ಅಂಗಿ ಜೇಬಿನ ಸಮೇತ ಒಗೆದು, ಹಿಂಡಿ, ಒಣಹಾಕಿದರು. ಮೂರನೆಯದು ತಲೆಯ ಮೇಲಿಂದ ಬರುವ ಅಗ್ಗದ ಜಾತಿ. ಅದರ ಮೆತ್ತೆಯ ಮೇಲಿನ ಕರೀ ಪೊರೆ ಉದುರಿ ಕಿವಿಗೆಲ್ಲ ಅಂಟಿಕೊಂಡು, ಕಾರ್ಖಾನೆಯಲ್ಲಿ ಪಕ್ಕದವನು "ಇದು ಅಂಟು ಕಾಯಿಲೆಯಾ?" ಅಂತ ಕೇಳಿ ಊಟದ ಡಬ್ಬಿ ಎತ್ತಿಕೊಂಡು ದೂರ ಕೂತ.

ಆವತ್ತು ಬಸವಪ್ರಸಾದ್ ಶಪಥ ಮಾಡಿದ. ಈ ಸಲ ಬಾಳಿಕೆ ಬರುವಂಥದ್ದು, ದಿನಾ ಹಾಕಿಕೊಂಡರೂ ಕಿವಿ ನೋಯದಂಥದ್ದು, ಬಸ್ಸಿನ ಗಲಾಟೆ ಒಳಗೆ ಬಿಡದಂಥದ್ದು, ಒಂದೇ ಒಂದು ತೆಗೆದುಕೊಳ್ಳಬೇಕು. ಶಪಥ ಮಾಡಿದ ಮೇಲೆ ಯಥಾಪ್ರಕಾರ ನೋಡತೊಡಗಿದ. ಮಾವಿನ ಕಾಲದಲ್ಲಿ ನೋಡಲು ಶುರುಮಾಡಿದವನು ಅವರೆಕಾಯಿ ಕಾಲ ಬಂದರೂ ನೋಡುತ್ತಲೇ ಇದ್ದ.

ಚಾಮರಾಜನಗರದ ಬಸ್ ಸ್ಟ್ಯಾಂಡಿನ ಹತ್ತಿರ ದಿಲೀಪನ ಮೊಬೈಲ್ ಅಂಗಡಿ. ದಿಲೀಪ ಮೊದಮೊದಲು ಅವನನ್ನು "ಬನ್ನಿ ಅಣ್ಣ" ಅಂತ ಕರೆಯುತ್ತಿದ್ದ. ಆಮೇಲೆ "ಬಂದ್ರಾ ಅಣ್ಣ" ಅನ್ನತೊಡಗಿದ. ಕೊನೆಗೆ ಅವನು ಬರುವುದು ಕಂಡರೆ ಹೆಡ್‌ಫೋನುಗಳನ್ನೆಲ್ಲ ತಾನಾಗಿಯೇ ಮೇಜಿನ ಮೇಲೆ ಸುರಿದು, ಬೇರೆ ಗಿರಾಕಿ ನೋಡಿಕೊಳ್ಳುತ್ತಿದ್ದ.

"ಇದರಲ್ಲಿ ಹಿಂದೆ ತೂತು ತೂತು ಅವೆಯಲ್ಲ, ಯಾಕೆ?" ಅಂತ ಕೇಳಿದ ಬಸವಪ್ರಸಾದ್.

"ಅದು ಓಪನ್ ಬ್ಯಾಕ್ ಅಣ್ಣ. ಬೆನ್ನು ಬಿಚ್ಚಿರದು. ನಿಮ್ಮ ಹಾಡು ಪಕ್ಕದವ್ರಿಗೂ ಕೇಳ್ತದೆ, ಪಕ್ಕದವ್ರ ಮಾತು ನಿಮ್ಗೂ ಕೇಳ್ತದೆ. ಬಸ್ಸಿಗೆ ಅದು ಬ್ಯಾಡ. ನಿಮ್ಗೆ ಕ್ಲೋಸ್ಡ್ ಬ್ಯಾಕೇ ಸರಿ. ಬಾಗ್ಲು ಹಾಕಿ ಅಗುಳಿ ಜಡಿದಂಗೆ."

"ಯಾರಾದ್ರೂ ಮಾತಾಡ್ಸಿದ್ರೆ?"

"ಕೇಳಲ್ಲ."

"ಬಸ್ಸಿಗೆ ಬೆಂಕಿ ಬಿದ್ದು ಎಲ್ಲ ಕೂಗ್ಕಂಡ್ರೆ?"

ದಿಲೀಪ ಸ್ವಲ್ಪ ಯೋಚಿಸಿದ. "ಬಿಸಿ ತಾಕ್ತದಲ್ಲ ಅಣ್ಣ, ಗೊತ್ತಾಯ್ತದೆ."

ಈ ಉತ್ತರದಿಂದ ಬಸವಪ್ರಸಾದನಿಗೆ ತುಸು ಸಮಾಧಾನವಾಯಿತು. ಒಂದು ಕಪ್ಪು ಹೆಡ್‌ಫೋನನ್ನು ತಲೆಗೇರಿಸಿ, ಅರ್ಧ ದಿನ ರಜೆ ಹಾಕಿ ಬಂದಿದ್ದರಿಂದ ಅಂಗಡಿಯ ಸ್ಟೂಲಿನ ಮೇಲೆ ಮಧ್ಯಾಹ್ನವೆಲ್ಲ ಕೂತ. ಬಿಗಿ ಎಷ್ಟು, ಕಿವಿ ಬೆವರುತ್ತದೋ ಇಲ್ಲವೋ, ಕನ್ನಡಕದ ಕಡ್ಡಿ ಒತ್ತುತ್ತದೋ ಹೇಗೆ ಅಂತ ಪರೀಕ್ಷಿಸಿದ. ಕೂತಲ್ಲೇ ನಿದ್ದೆ ಹೋಗಿದ್ದರಿಂದ ಆರಾಮ ಅನ್ನುವ ವಿಷಯ ತೀರ್ಮಾನವಾಯಿತು. ಇನ್ನು ಬಾಳಿಕೆ. ದಿಲೀಪ ಅದನ್ನು ತೆಗೆದುಕೊಂಡು ನೆಲಕ್ಕೆ ಎಸೆದೇಬಿಟ್ಟ. ಅದು ಪುಟಿದು, ಉರುಳಿ, ಬಾಗಿಲ ಹತ್ತಿರ ಏನೂ ಆಗದವರಂತೆ ನಿಂತಿತು.

"ವೈರು ಕಿತ್ರೆ ವೈರು ಬದಲಾಯ್ಸಿ, ಮೆತ್ತೆ ಹರಿದ್ರೆ ಮೆತ್ತೆ ಬದಲಾಯ್ಸಿ. ಮಡಚಿ ಬ್ಯಾಗಿಗೆ ಹಾಕ್ಕಳ್ಳಿ. ಅಷ್ಟಾದ್ರೂ ಹಿಡಿಸ್ನಿಲ್ಲ ಅಂದ್ರೆ ಹತ್ತು ದಿನದೊಳ್ಗೆ ವಾಪಸ್ ತನ್ನಿ, ಬೇರೆ ಕೊಡ್ತೀನಿ. ಇನ್ನ ನೋಡನ ಅಂದ್ರೆ ಮಾತ್ರ ನಾನು ಅಂಗಡಿ ಮುಚ್ಚಿ ವ್ಯವಸಾಯಕ್ಕೆ ಓಯ್ತೀನಿ."

ವಾಪಸ್ ಕೊಡಬಹುದು ಅನ್ನುವ ಮಾತು ಕೇಳಿದ ಮೇಲೆ ಬಸವಪ್ರಸಾದನಿಗೆ ಎಲ್ಲಿಲ್ಲದ ಧೈರ್ಯ ಬಂತು. ಒಪ್ಪಿಕೊಂಡ. ದಿಲೀಪ ಸಂತೋಷ ತಡೆಯಲಾರದೆ ಅವನ ಫೋಟೋ ಹೊಡೆದು, "ಕೊನೆಗೂ ಒಪ್ಪಿಕೊಂಡರು! ನಮ್ಮ ಬಸವಪ್ರಸಾದ್ ಅಣ್ಣನಿಗೆ ಹಾರ್ದಿಕ ಅಭಿನಂದನೆಗಳು" ಅಂತ ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಏನನ್ನು ಒಪ್ಪಿಕೊಂಡರು ಅಂತ ಬರೆಯಲಿಲ್ಲ. ಅವನಿಗೆ ಅದು ಬರೆಯಬೇಕಾದ ವಿಷಯ ಅನ್ನಿಸಲೇ ಇಲ್ಲ.

ಅದೇ ಸಾಯಂಕಾಲ ಗುಂಡ್ಲುಪೇಟೆ ಬಸ್ಸು. ರಸ್ತೆ ರಿಪೇರಿ ನಡೆಯುತ್ತಿದ್ದ ಕಾಲ. ಕಿಟಕಿಯಿಂದ ಕೆಂಧೂಳು ನುಗ್ಗುತ್ತಿತ್ತು. ಹೊಸ ಹೆಡ್‌ಫೋನಿನ ಮೇಲೆ ಧೂಳು ಕೂರುವುದನ್ನು ನೋಡುವ ಶಕ್ತಿ ಬಸವಪ್ರಸಾದನಿಗಿರಲಿಲ್ಲ. ಹೇಗೂ ಚಳಿ ಇತ್ತು. ಹೆಡ್‌ಫೋನ್ ಹಾಕಿಕೊಂಡು, ಅದರ ಮೇಲೆ ಉಣ್ಣೆಯ ಮಫ್ಲರನ್ನು ಗದ್ದದಿಂದ ನೆತ್ತಿಯವರೆಗೆ ಸುತ್ತಿ ಗಂಟು ಹಾಕಿದ. ಈಗ ಎದುರಿನಿಂದ ನೋಡಿದರೆ ಎರಡೂ ಕೆನ್ನೆ ಬಾತ ಒಬ್ಬ ರೋಗಿಯ ಹಾಗೆ ಕಾಣುತ್ತಿದ್ದ. ಒಳಗೆ ಮಾತ್ರ ಸ್ವರ್ಗ. ಇಂಜಿನ್ನು ಇಲ್ಲ, ಹಾರನ್ನು ಇಲ್ಲ. ಹಾರ್ಮೋನಿಯಂ ಒಂದೇ.

ಆಗ ಪಕ್ಕದಲ್ಲಿ ಬಂದು ಕೂತವರು ತೆರಕಣಾಂಬಿಯ ಗಂಗಾಧರಸ್ವಾಮಿ ಮೇಷ್ಟರು. ರಿಟೈರ್ ಆದ ಹೆಡ್‌ಮಾಸ್ಟರು, ಬಸವಪ್ರಸಾದನ ತಂದೆಯ ಕಾಲದಿಂದ ಪರಿಚಯ. ಮಾತು ಅಂದರೆ ಮಾತು. ಅವರು ಹತ್ತಿದ ಬಸ್ಸಿನಲ್ಲಿ ಮುಂದಿನ ಸೀಟುಗಳು ಮೊದಲು ತುಂಬುತ್ತವೆ, ಅವರ ಪಕ್ಕದ ಸೀಟು ಕೊನೆಗೆ. ಬಸವಪ್ರಸಾದ್ ಮರ್ಯಾದೆಗೆ ಕೈ ಮುಗಿದ. ಮೇಷ್ಟರ ತುಟಿ ಅಲ್ಲಾಡತೊಡಗಿತು. ಗಂಟು ಬಿಚ್ಚಿ, ಸುತ್ತು ಬಿಡಿಸಿ, ಹೆಡ್‌ಫೋನ್ ತೆಗೆಯುವುದು ದೊಡ್ಡ ಕೆಲಸ. ಏನೋ ರಾಗಿ ರೇಟು, ಮಳೆ ಬೆಳೆ ಹೇಳುತ್ತಿರಬಹುದು ಅಂದುಕೊಂಡು ಬಸವಪ್ರಸಾದ್ ನಗುಮುಖ ಮಾಡಿ ಕೂತ. ತಲೆ ತನ್ನ ಪಾಡಿಗೆ ತಾಳ ಹಾಕಿತು.

ತೆರಕಣಾಂಬಿ ಬಂತು. ಮೇಷ್ಟರು ಎದ್ದು ಅವನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. ಧೂಳು ಹೋಗಿರಬೇಕು ಅಂದುಕೊಂಡ ಬಸವಪ್ರಸಾದ್.

ಮೇಷ್ಟರು ಏನು ಕೇಳಿದ್ದರು ಅನ್ನುವುದು ಅವನಿಗೆ ತಿಳಿದದ್ದು ಭಾನುವಾರ. ಅಲ್ಲಿಯವರೆಗೆ ನಿಮ್ಮನ್ನೂ ಕಾಯಿಸುವುದು ಧರ್ಮವಲ್ಲ. ಮೇಷ್ಟರು ಮೊದಲು ಊದಿದ ಕೆನ್ನೆ ನೋಡಿ "ಗದಕಟ್ಟು ಬಂದಿದೆಯೇನಪ್ಪಾ?" ಅಂದರು, ತಲೆ ಹೌದು ಅಂದಿತು. ಪಾಪ, ನೋವಿಗೆ ಮಾತಾಡಲಾರ ಅಂದುಕೊಂಡು ತಾವೇ ಮಾತು ವಹಿಸಿಕೊಂಡರು. "ನನ್ನ ಮಗಳು ಕಾವ್ಯಶ್ರೀ ನಿನಗೆ ಗೊತ್ತಲ್ಲ?" ತಲೆ ಆಡಿತು. "ಅವಳನ್ನು ನಿನಗೆ ಕೊಡುವ ಅಂತ ಆಸೆ. ಒಪ್ಪಿಗೆಯೇ?" ತಾಳ ಜೋರಾಗಿತ್ತು, ತಲೆ ಮೂರು ಸಲ ಒಪ್ಪಿತು. "ವರೋಪಚಾರ ಅಂತ ಏನಾದರೂ ನಿರೀಕ್ಷೆ?" ಆಲಾಪ ಶುರುವಾಯಿತು, ತಲೆ ಎಡಕ್ಕೂ ಬಲಕ್ಕೂ ಆಡಿ, ಖಡಾಖಂಡಿತವಾಗಿ ಬೇಡ ಅಂದಿತು. "ಹಾಗಾದರೆ ಭಾನುವಾರ ಬರಲೇ?" ಮತ್ತೆ ತಾಳ. ಇಂಥ ಗಂಡು ಈ ಕಾಲದಲ್ಲಿ ಎಲ್ಲಿದ್ದಾನೆ ಅಂತ ಮೇಷ್ಟರಿಗೆ ಕಣ್ಣು ತುಂಬಿ ಬಂದದ್ದರಲ್ಲಿ ತಪ್ಪೇನಿದೆ?

ಮಾರನೆಯ ದಿನ ಬಸವಪ್ರಸಾದ್ ಕೆಲಸದಿಂದ ಮನೆಗೆ ಬಂದಾಗ ಶಿವರುದ್ರಮ್ಮ ಜಗಲಿಯ ಮೇಲೆ ಕೂತಿದ್ದರು. ಪಕ್ಕದ ಮನೆ ನಾಗಲಕ್ಷ್ಮಿಯೂ ಇದ್ದಳು. ನಾಗಲಕ್ಷ್ಮಿಯ ತೌರು ತೆರಕಣಾಂಬಿ. ಮೇಷ್ಟರ ಮಗಳನ್ನು ಅವಳು ಕಂಡಿರದಿದ್ದರೂ ಅಲ್ಲಿಂದ ಬಂದ ಮದುವೆಯ ಸುದ್ದಿಯೂ ಇತ್ತು, ಕೈಯಲ್ಲಿ ದಿಲೀಪನ ಸ್ಟೇಟಸ್ಸಿನ ಫೋಟೋವೂ ಇತ್ತು. ಎರಡು ಸಾಕ್ಷಿ ಸಿಕ್ಕ ಮೇಲೆ ಮೂರನೆಯದು ಯಾವ ಕೋರ್ಟಿಗೂ ಬೇಡ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ 'ಅದು' ಅನ್ನುತ್ತೇವೆ. ಅದು ಬಂತು, ಅದು ಉಂಡಿತು, ಅದು ಓದುತ್ತಾ ಅದೆ. ಈ ಅಕ್ಕರೆ ಆವತ್ತು ಮಾಡಿದ ಅನಾಹುತ ಅಷ್ಟಿಷ್ಟಲ್ಲ.

"ಒಪ್ಕಂಡ್ಬುಟ್ಯಂತೆ?" ಅಂದರು ಶಿವರುದ್ರಮ್ಮ.

ದಿಲೀಪ ಊರಿಗೆಲ್ಲ ಸಾರಿದ್ದಾನೆ ಅಂದುಕೊಂಡ ಬಸವಪ್ರಸಾದ್. ಮತ್ತೊಂದು ಹೆಡ್‌ಫೋನಿಗೆ ದುಡ್ಡು ಸುರಿದದ್ದಕ್ಕೆ ಬೈಗುಳ ಕಾದಿದೆ ಅಂತ ತಲೆ ತಗ್ಗಿಸಿದ. "ಊಂ ಕಣವ್ವ. ಎಷ್ಟೂಂತ ನೋಡದು? ಕಣ್ಮುಚ್ಕಂಡು ಒಪ್ಕಂಡ್ಬುಟ್ಟೆ."

"ನಂಗೊಂದು ಮಾತು ಏಳ್ಬಾರ್ದಾಗಿತ್ತಾ? ಓಗ್ಲಿ ಬುಡು. ಎಂಗದೆ ಅದು? ಬಣ್ಣ ಗಿಣ್ಣ?"

"ಕಪ್ಪು."

ಶಿವರುದ್ರಮ್ಮ ತಮ್ಮ ಕೈಯನ್ನು ತಾವೇ ನೋಡಿಕೊಂಡು, "ನಾನೇನು ಬೆಳ್ಗಿದ್ದೀನಾ? ಕಪ್ಪೇ ಲಕ್ಷಣ ಬುಡು" ಅಂದರು.

"ನಾನೂ ಅದ್ಕೇ ಕಪ್ಪು ಆರಿಸ್ದೆ ಕಣವ್ವ. ಬಿಳೀದಾದ್ರೆ ಬ್ಯಾಗ ಕೊಳಕಾಯ್ತದೆ."

ನಾಗಲಕ್ಷ್ಮಿಗೆ ಕೆಮ್ಮು ಬಂತು. "ಮೈಕಟ್ಟು ಎಂಗೆ ಅಣ್ಣ?" ಅಂದಳು.

"ಬಲೇ ಗಟ್ಟಿ ಕಣಮ್ಮಿ! ದಿಲೀಪ ನನ್ನ ಕಣ್ಮುಂದೆನೇ ಎತ್ತಿ ನೆಲಕ್ಕೆ ಬಿಸಾಕ್ದ. ಏನೂ ಆಗ್ನಿಲ್ಲ."

"ಬಿಸಾಕ್ದ್ನಾ!" ಅಂತ ಇಬ್ಬರೂ ಒಟ್ಟಿಗೆ ಕೂಗಿದರು.

"ಹಂಗಾರೆ ಬಾಳಿಕೆ ಬತ್ತದೆ ಅಂತ ಹೆಂಗೆ ಗೊತ್ತಾಗ್ಬೇಕು? ಮಡಚಿದ್ರೂ ಮಡಚ್ಕತದೆ. ತಲೆ ಮೇಲೆ ಕೂತಿರದೇ ಗೊತ್ತಾಗಲ್ಲ, ಅಷ್ಟು ಹಗುರ." ಇಷ್ಟು ಹೇಳಿ, ಬೈಗುಳ ಬೀಳಲಿಲ್ಲವಲ್ಲ ಅಂತ ಖುಷಿಯಾಗಿ ಬಸವಪ್ರಸಾದ್ ಮುಖ ತೊಳೆಯಲು ಹೋದ.

"ಪೈಲ್ವಾನರ ಮನೇದಾ ಅಂತ?" ಅಂದಳು ನಾಗಲಕ್ಷ್ಮಿ.

"ಮೇಷ್ಟ್ರು ಮನೇದು ಕಣಮ್ಮಿ," ಅಂದರು ಶಿವರುದ್ರಮ್ಮ ಕ್ಷೀಣವಾಗಿ. "ನಂಗೂ ವಯಸ್ಸಾಯ್ತು. ತಲೆ ಮೇಲೆ ಕೂತ್ರೆ ಕೂರ್ಲಿ. ಒಟ್ನಲ್ಲಿ ಒಂದು ಬಂದ್ರೆ ಸಾಕು."

ಅದರ ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಕಂಡಕ್ಟರ್ ಸುನೀಲ್ ಕುಮಾರ್ ಟಿಕೆಟ್ ಕೊಡುವುದು ಬಿಟ್ಟು ಬಸವಪ್ರಸಾದನ ಕೈ ಕುಲುಕಿದ. ಸುನೀಲ್ ಕುಮಾರನ ಮನೆ ಮೇಷ್ಟರ ಬೀದಿಯಲ್ಲೇ. ಬಸವಪ್ರಸಾದ್ ಆಗಷ್ಟೇ ಬ್ಯಾಗಿನಿಂದ ಮಫ್ಲರ್ ತೆಗೆಯುತ್ತಿದ್ದ. ಹೆಡ್‌ಫೋನ್ ಇನ್ನೂ ಬ್ಯಾಗಿನಲ್ಲೇ ಇತ್ತು.

"ಸಾರ್, ಕಂಗ್ರಾಟ್ಸ್! ಅಂತೂ ಒಂದು ತೀರ್ಮಾನಕ್ಕೆ ಬಂದ್ರಲ್ಲ. ಬದುಕ್ನಾಗೆ ಅದೇ ದೊಡ್ಡದು."

ಹೆಡ್‌ಫೋನಿಗೆ ಇಷ್ಟೊಂದು ಗೌರವ ಸಿಗುತ್ತದೆ ಅಂತ ಗೊತ್ತಿದ್ದರೆ ಮೊದಲೇ ತೆಗೆದುಕೊಳ್ಳುತ್ತಿದ್ದೆ ಅನ್ನಿಸಿತು ಬಸವಪ್ರಸಾದನಿಗೆ. "ತೀರ್ಮಾನ ಅಂದ್ರೆ ಪೂರ್ತಿ ತೀರ್ಮಾನ ಏನಲ್ಲ ಸುನೀಲ್. ಹತ್ತು ದಿನ ಟೈಮ್ ಅದೆ. ಇಟ್ಕಂಡು ನೋಡದು. ನೋವು ಗೀವು ಬಂದ್ರೆ ವಾಪಸ್ ಕೊಟ್ಟು ಬೇರೆ ತಕ್ಕಳ್ಳದು."

ಸುನೀಲ್ ಕುಮಾರನ ಬಾಯಿಯಿಂದ ಸೀಟಿ ಕೆಳಗೆ ಬಿತ್ತು. "ಬೇರೆ?"

"ದಿಲೀಪನ ಅಂಗಡೀಲಿ ಇನ್ನ ಸುಮಾರು ಅವೆ. ನಾನೇ ಅಷ್ಟೂನೂ ಒಂದೊಂದಾಗಿ ಹಾಕಿ ತೆಗ್ದು ನೋಡಿವ್ನಿ. ನಿಂಗೂ ಬೇಕಾದ್ರೆ ಹೇಳು, ನನ್ನ ಹೆಸ್ರು ಹೇಳಿದ್ರೆ ಕಮ್ಮಿ ಮಾಡ್ಕೊಡ್ತಾನೆ."

ಸೀಟಿ ಊದುವವರು ಇಲ್ಲದೆ ಬಸ್ಸು ತೆರಕಣಾಂಬಿಯ ನಿಲ್ದಾಣ ದಾಟಿ ಮುಂದಕ್ಕೆ ಹೋಗಿಬಿಟ್ಟಿತು. ಇಳಿಯಬೇಕಾದವರು ಕಿರುಚಿದರು, ಡ್ರೈವರ್ ಬೈದ. ಸುನೀಲ್ ಕುಮಾರ್ ಮಾತ್ರ ಫೋನ್ ಕಿವಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವನ ಮಾತು ಬಸವಪ್ರಸಾದನಿಗೆ ಕೇಳಲಿಲ್ಲ. ಅಷ್ಟರಲ್ಲಿ ಅವನು ಕಿವಿಯ ಬಾಗಿಲು ಹಾಕಿ ಅಗುಳಿ ಜಡಿದಿದ್ದ.

ಸುದ್ದಿ ಮೇಷ್ಟರಿಗೆ ಮುಟ್ಟಿತು. ಅವರು ನೇರವಾಗಿ ದಿಲೀಪನಿಗೆ ಫೋನ್ ಮಾಡಿದರು. ಇದನ್ನು ಆಮೇಲೆ ದಿಲೀಪನೇ ಹೇಳಿದ್ದು.

"ನಿನ್ನ ಹತ್ತಿರ ಇನ್ನೂ ಸುಮಾರು ಇವೆಯಂತೆ?" ಅಂದರಂತೆ ಮೇಷ್ಟರು ನಡುಗುವ ದನಿಯಲ್ಲಿ.

"ಬನ್ನಿ ಸಾರ್, ಬೇಕಾದಷ್ಟು ಅವೆ. ನಿಮ್ಗಾ, ಮಕ್ಳಿಗಾ? ನಿಮ್ಮ ವಯಸ್ಸಿಗೆ ಒಳ್ಳೆ ಮೆತ್ತಗಿರದು ಒಂದದೆ. ಯಾರಿಗೂ ಸದ್ದು ಕೇಳಲ್ಲ."

ಮೇಷ್ಟರು ಫೋನ್ ಇಟ್ಟು, ಎರಡು ಲೋಟ ನೀರು ಕುಡಿದು, ಗೋಡೆಗೆ ಒರಗಿ ಕೂತರಂತೆ.

ಭಾನುವಾರ ಬೆಳಿಗ್ಗೆ ಶಿವರುದ್ರಮ್ಮ ಬಾಗಿಲಿಗೆ ಮಾವಿನ ಎಲೆ ಕಟ್ಟಿದ್ದರು. ಒಳಗಿನಿಂದ ತುಪ್ಪದಲ್ಲಿ ರವೆ ಹುರಿಯುವ ವಾಸನೆ. ಬಸವಪ್ರಸಾದ್ ಬನೀನಿನಲ್ಲಿ ಕೂತು ಹೆಡ್‌ಫೋನಿನ ಮೆತ್ತೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ, "ಏನವ್ವ ವಿಶೇಷ?" ಅಂದ.

"ಇವ್ನ ನಾಚ್ಕೆ ನೋಡು," ಅಂದರು ಶಿವರುದ್ರಮ್ಮ ನಾಗಲಕ್ಷ್ಮಿಗೆ. "ಓಗಿ ಅಂಗಿ ಹಾಕಳ್ಳ."

ಅಂಗಿಯ ಒಂದು ತೋಳು ಹಾಕುವಷ್ಟರಲ್ಲಿ ಆಟೋ ಬಂದು ನಿಂತಿತು. ಮೊದಲು ಇಳಿದವರು ಮೇಷ್ಟರು, ಮುಖ ಕೆಂಪಗೆ. ಹಿಂದೆ ಅವರ ಹೆಂಡತಿ ಮಹಾಲಕ್ಷ್ಮಮ್ಮ. ಅವರ ಹಿಂದೆ ಸಾಕ್ಷಿ ಹೇಳಲು ಸುನೀಲ್ ಕುಮಾರ್. ಕೊನೆಗೆ ಒಬ್ಬಳು ಹುಡುಗಿ, ಹಸಿರು ಚೂಡಿದಾರ, ಯಾರ ಅಪ್ಪಣೆಗೂ ಕಾಯದ ನಡಿಗೆ. ಕಾವ್ಯಶ್ರೀಗೆ ಚಾಮರಾಜನಗರದ ಒಂದು ಖಾಸಗಿ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಹಾಲು ಒಳ್ಳೆಯದೋ ಕೆಟ್ಟದ್ದೋ ಅಂತ ನಿಂತ ನಿಲುವಿನಲ್ಲಿ ಹೇಳುವುದೇ ಅವಳ ಉದ್ಯೋಗ. ಈಗ ಬಸವಪ್ರಸಾದನನ್ನೂ ಹಾಗೆಯೇ ನೋಡಿದಳು.

"ಇವರೇನಾ?" ಅಂದಳು.

"ಇವನೇ!" ಅಂದರು ಮೇಷ್ಟರು. "ಏನಯ್ಯಾ, ನನ್ನ ಮಗಳನ್ನು ಹತ್ತು ದಿನ ಇಟ್ಟುಕೊಂಡು ನೋಡುತ್ತೀಯಾ? ಸರಿಹೋಗದಿದ್ದರೆ ವಾಪಸ್ ಕಳಿಸುತ್ತೀಯಾ?"

ಬಸವಪ್ರಸಾದ್ ಅಂಗಿಯ ಇನ್ನೊಂದು ತೋಳು ಹುಡುಕುತ್ತ ನಿಂತ. "ಯಾರ್ನ ಸಾರ್?"

"ಯಾರನ್ನ ಅಂತೆ! ಬಸ್ಸಿನಲ್ಲಿ ನನ್ನೆದುರು ತಲೆಯಾಡಿಸಿದವನು ನೀನಲ್ಲವೇ? ನೆಲಕ್ಕೆ ಎಸೆದು ನೋಡಿದೆನೆಂದು ನಿನ್ನ ತಾಯಿಗೆ ಹೇಳಿದವನು ನೀನಲ್ಲವೇ?"

"ನಾನೆಲ್ಲಿ ಎಸ್ದೆ? ದಿಲೀಪ ಎಸ್ದಿದ್ದು!"

"ದಿಲೀಪನಿಗೆ ನನ್ನ ಮಗಳನ್ನು ಎಸೆಯಲು ಏನು ಅಧಿಕಾರ?" ಅಂತ ಮೇಷ್ಟರು ಗರ್ಜಿಸಿದರು. ಬೀದಿಯ ಬಾಗಿಲುಗಳೆಲ್ಲ ತೆರೆದವು. ನಾಗಲಕ್ಷ್ಮಿ ಕಾಂಪೌಂಡಿನ ಹತ್ತಿರ ಒಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಹತ್ತಿದಳು.

ಶಿವರುದ್ರಮ್ಮ ಸೌಟು ಹಿಡಿದು ಹೊರಗೆ ಬಂದರು. "ಮೇಷ್ಟ್ರೇ, ಕೂತ್ಕಂಡು ಮಾತಾಡಿ. ಎಲ್ಲೋ ತೆಪ್ಪಾಗ್ಯದೆ. ನನ್ನ ಮಗ ಒಂದು ಸೊಳ್ಳೇನೂ ಒಡೆಯವ್ನಲ್ಲ. ಯಾವ್ ಸೊಳ್ಳೆ ಒಡೀಬೇಕು ಅಂತ ಯೋಚ್ನೆ ಮಾಡ್ತಾ ಕೂತಿರ್ತಾನೆ."

"ಸಾರ್," ಅಂದ ಬಸವಪ್ರಸಾದ್, ಬೆವರುತ್ತ. "ನಾನು ಎಲ್ರ ಹತ್ರನೂ ಹೇಳಿದ್ದು ಇದ್ನ." ಹೆಡ್‌ಫೋನನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದ. "ಇದು ಕಪ್ಪು. ಇದು ಗಟ್ಟಿ. ಇದ್ನೇ ಹತ್ತು ದಿನ ಇಟ್ಕಂಡು ನೋಡಾದು. ಆವತ್ತು ಬಸ್ನಲ್ಲಿ ಮಫ್ಲರ್ ಒಳಗೆ ಇದು ಇತ್ತು. ನೀವೇನು ಹೇಳಿದ್ರೋ ನಂಗೆ ಒಂದಕ್ಷರ ಕೇಳ್ಲಿಲ್ಲ. ಹಾಡಿಗೆ ತಲೆ ಆಡಿಸ್ತಿದ್ದೆ."

ಎಲ್ಲರೂ ಹೆಡ್‌ಫೋನನ್ನು ನೋಡಿದರು. ಬೀದಿಯೂ ನೋಡಿತು. ಶಿವರುದ್ರಮ್ಮ "ಅದು ಅಂದ್ರೆ ಇದಾ!" ಅಂದು ಸೌಟು ಸಮೇತ ಹಣೆ ಹಿಡಿದುಕೊಂಡರು. ಹಣೆಗೆಲ್ಲ ಕೇಸರಿಬಾತು.

ಮೇಷ್ಟರು ಮಾತ್ರ ನಂಬಲಿಲ್ಲ. ಎಷ್ಟೋ ವರ್ಷ ಶಾಲೆಯ ಕೊನೇ ಬೆಂಚಿಗೂ ಕೇಳುವಂತೆ ಪಾಠ ಹೇಳಿದ ಗಂಟಲು ಅದು. ಪಕ್ಕದಲ್ಲಿ ಕೂತವನಿಗೆ ಕೇಳಿಸಲಿಲ್ಲ ಅಂದರೆ? "ಸುಳ್ಳು! ಶುದ್ಧ ಸುಳ್ಳು!" ಅಂತ ಹೆಡ್‌ಫೋನ್ ಕಿತ್ತುಕೊಂಡು ಜಗಲಿಯ ಕಲ್ಲಿಗೆ ಎಸೆದರು. ಅದು ಪುಟಿದು, ಉರುಳಿ, ಸುನೀಲ್ ಕುಮಾರನ ಕಾಲ ಹತ್ತಿರ ನಿಂತಿತು. ಬಸವಪ್ರಸಾದ್ ಓಡಿಹೋಗಿ ಎತ್ತಿ, ತಿರುಗಿಸಿ ತಿರುಗಿಸಿ ನೋಡಿದ. ಒಂದು ಗೀರೂ ಇಲ್ಲ. ಅಂಥ ಹೊತ್ತಿನಲ್ಲೂ ಅವನ ಮುಖದಲ್ಲಿ ಒಂದು ತೃಪ್ತಿ ಮೂಡಿದ್ದನ್ನು ಕಾವ್ಯಶ್ರೀ ಕಂಡಳು. ಅವಳಿಗೆ ನಗು ಬಂತು, ಅಡಗಿಸಿಕೊಂಡಳು.

"ಅಪ್ಪ, ಒಂದ್ನಿಮಿಷ ಕೂತ್ಕೊಳ್ಳಿ," ಅಂದಳು. "ಪರೀಕ್ಷೆ ಮಾಡ್ಬುಡನ."

ಹೆಡ್‌ಫೋನನ್ನು ತಂದೆಯ ತಲೆಗೆ ಏರಿಸಿ, ಬಸವಪ್ರಸಾದನಿಗೆ "ಆವತ್ತಿನ ಹಾಡೇ ಹಾಕಿ" ಅಂದಳು. ಹಾರ್ಮೋನಿಯಂ ಎದ್ದಿತು. ಮೇಷ್ಟರು ಮೊದಲು ಹುಬ್ಬು ಗಂಟಿಕ್ಕಿ ಕೂತಿದ್ದರು. ಸ್ವಲ್ಪ ಹೊತ್ತಿಗೆ ಹುಬ್ಬು ಸಡಿಲವಾಯಿತು. ಆಮೇಲೆ ಕಣ್ಣು ಮುಚ್ಚಿತು. ಆಮೇಲೆ, ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದಂತೆ, ತಲೆ ಮೆಲ್ಲಗೆ ಆಡತೊಡಗಿತು.

"ಅಪ್ಪ, ನಂಗೆ ಸ್ಕೂಟರ್ ಕೊಡಿಸ್ತೀರಾ?" ಅಂದಳು ಕಾವ್ಯಶ್ರೀ.

ತಲೆ ಒಪ್ಪಿತು.

"ಮೇಷ್ಟ್ರೇ, ನೀವು ಶಾಲೇಲಿ ನನ್ನ ಸುಮ್‌ಸುಮ್ನೆ ಒಡೀತಿದ್ರಿ ಅಲ್ವಾ?" ಅಂದ ಸುನೀಲ್ ಕುಮಾರ್, ಬಹಳ ದಿನದ ಆಸೆಯಿಂದ.

ತಲೆ ಒಪ್ಪಿತು.

ಮಹಾಲಕ್ಷ್ಮಮ್ಮ ಇಷ್ಟು ಹೊತ್ತೂ ಒಂದು ಮಾತಾಡಿರಲಿಲ್ಲ. ಮುಂದೆ ಬಂದು ಗಂಡನ ಮುಖದ ಹತ್ತಿರ ಬಗ್ಗಿ, "ಮದ್ವೆ ಆದಾಗಿಂದ ನಾನು ಮಾಡೋ ಸಾರಿಗೆ ಉಪ್ಪು ಕಮ್ಮಿ ಅಂತೀರಲ್ಲ, ನಿಮ್ಮ ನಾಲ್ಗೇನೇ ಕೆಟ್ಟಿರದು ಅಲ್ವಾ?" ಅಂದರು.

ಆಲಾಪ ಮುಗಿದು ತಾಳ ಬಿದ್ದ ಗಳಿಗೆ ಅದು. ಮೇಷ್ಟರು ಪರಮಾನಂದದಿಂದ ಮೂರು ಸಲ ಒಪ್ಪಿದರು. ಬೀದಿಗೆ ಬೀದಿಯೇ ನಕ್ಕ ಸದ್ದಿಗೆ ನಾಗಲಕ್ಷ್ಮಿ ಬಕೆಟ್ ಮೇಲಿಂದ ಬಿದ್ದಳು. ಮೇಷ್ಟರಿಗೆ ಅದೂ ಕೇಳಲಿಲ್ಲ. ಕಣ್ಣು ತೆರೆದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡದ್ದು ಕಂಡು, ಹೆಡ್‌ಫೋನ್ ತೆಗೆದ ಮೇಲೆ ವಿಷಯ ತಿಳಿದು, ಅವರು ನಗಲಿಲ್ಲ. ಸುಮ್ಮನೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು.

"ಹಾಗಾದರೆ ನಿಜವಾಗಿಯೂ ಒಂದೂ ಕೇಳಿಸಲಿಲ್ಲ," ಅಂದರು ನಿಧಾನವಾಗಿ. "ನಾನು ಆ ದಿನ ಏನೇನೋ ಹೇಳಿದೆ. ಯಾರೋ ಒಬ್ಬ ಮಧ್ಯೆ ಬಾಯಿ ಹಾಕದೆ, ಎದ್ದು ಹೋಗದೆ, ತೆರಕಣಾಂಬಿಯವರೆಗೂ ಕೇಳಿದ ಅಂದುಕೊಂಡೆ."

ನಗು ನಿಂತುಹೋಯಿತು. ಬಸವಪ್ರಸಾದನಿಗೆ ಬೈಸಿಕೊಂಡಾಗ ಆಗದ ಸಂಕಟ ಈಗ ಆಯಿತು. ಅಂಗಿಯ ಇನ್ನೊಂದು ತೋಳನ್ನು ಕೊನೆಗೂ ಹಾಕಿಕೊಂಡು, ಮೇಷ್ಟರ ಎದುರು ನೆಲದ ಮೇಲೆ ಕೂತ.

"ಇನ್ನೊಂದ್ಸಲ ಹೇಳಿ ಸಾರ್. ಈಗ ಕಿವಿ ಬಿಚ್ಕಂಡೇ ಅದೆ."

ಮೇಷ್ಟರು ಒಲ್ಲೆ ಅಂದರು. ಶಿವರುದ್ರಮ್ಮ ಕೇಸರಿಬಾತು ತಂದಿಟ್ಟರು. ಎರಡು ತುತ್ತು ಒಳಗೆ ಹೋದ ಮೇಲೆ ಮೇಷ್ಟರಿಗೆ ಮಾತು ಬಂತು. ಬೇರೆಯವರೆಲ್ಲ ಅಭ್ಯಾಸಬಲದಿಂದ ಮೆಲ್ಲಗೆ ಒಳಗೆ ಜಾರಿದರು. ಬಸವಪ್ರಸಾದ್ ಒಬ್ಬನೇ ಉಳಿದ. ತಲೆಯಾಡಿಸಿದರೆ ಮತ್ತೆ ಏನಾಗುತ್ತದೋ ಅನ್ನುವ ಭಯಕ್ಕೆ ಕತ್ತನ್ನು ಕಂಬದ ಹಾಗೆ ನೆಟ್ಟಗೆ ಹಿಡಿದು ಕೂತ.

ಮೇಷ್ಟರು ಹೇಳಿದ್ದು ಮಗಳ ಕತೆ. ಭೀಮನಬೀಡಿನ ಕಡೆಯ ಒಬ್ಬ ದೊಡ್ಡ ಕುಳ ಡೇರಿಗೆ ನೀರು ಬೆರೆಸಿದ ಹಾಲು ಕಳಿಸುತ್ತಿದ್ದನಂತೆ. ಎಲ್ಲರಿಗೂ ಗೊತ್ತು, ಯಾರಿಗೂ ಬಾಯಿಲ್ಲ. ಕಾವ್ಯಶ್ರೀ ಅವನ ಕ್ಯಾನು ತಡೆದಳಂತೆ. ಅವನ ಕಡೆಯವರು ಜೀಪಿನಲ್ಲಿ ಬಂದು ಗೇಟಿನ ಹತ್ತಿರ ನಿಂತರಂತೆ. "ಇವಳು ಏನು ಮಾಡಿದಳು ಗೊತ್ತೇ? ಅವರ ಕಣ್ಣೆದುರಿಗೇ ಕ್ಯಾನು ಉರುಳಿಸಿ..."

ಅಲ್ಲಿ ಮೇಷ್ಟರು ನೀರು ಕುಡಿಯಲು ನಿಲ್ಲಿಸಿದರು.

"ಆಮೇಲೆ?" ಅಂದ ಬಸವಪ್ರಸಾದ್, ಮುಂದಕ್ಕೆ ಜರುಗಿ. "ಆಮೇಲೇನಾಯ್ತು ಸಾರ್?"

ಮೇಷ್ಟರು ಲೋಟ ಹಿಡಿದೇ ಅವನನ್ನು ನೋಡಿದರು. ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿ ಎಷ್ಟು ಕಾಲವಾಗಿತ್ತೋ. ದನಿ ಏರಿತು, ಕೈ ಎದ್ದಿತು, ಜೀಪು ಹಿಂದೆ ಸರಿಯಿತು, ಹಾಲು ಚರಂಡಿ ತುಂಬ ಹರಿಯಿತು. "ನನ್ನ ಮಗಳು ಅಂತ ಹೇಳುತ್ತಿಲ್ಲ ಬಸವಪ್ರಸಾದ, ಆ ಧೈರ್ಯ ನನಗಿರಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಕಾವ್ಯಶ್ರೀ ನಿಂತಿದ್ದಳು. ಆವತ್ತು ಮನೆಗೆ ಬಂದಾಗ ಇದೇ ಅಪ್ಪ "ನಿನಗೇಕೆ ಬೇಕಿತ್ತು ಊರ ಉಸಾಬರಿ" ಅಂತ ಬೈದಿದ್ದರು. ಅವಳು ಚೂಡಿದಾರದ ದುಪಟ್ಟಾದಲ್ಲಿ ಮೂಗು ಒರೆಸಿಕೊಂಡಳು.

"ಅಪ್ಪ, ಬಸ್ಸಿಗೆ ಹೊತ್ತಾಯ್ತು."

ಹೊರಡುವಾಗ ಬಸವಪ್ರಸಾದನ ಹತ್ತಿರ ನಿಂತು, "ಮದ್ವೆ ಮಾತು ಅತ್ಲಾಗಿರ್ಲಿ," ಅಂದಳು. "ಯಾರು ಯಾರ್ನ ಒಪ್ಪದು ಅಂತ ಆಮೇಲೆ ನೋಡ್ಕಳ್ಳನ. ನಮ್ಮಪ್ಪನ ತಲೇನೂ ಆಡಿಸ್ತಲ್ಲ, ಆ ಹಾಡು ನಂಗೆ ಕೇಳ್ಬೇಕು. ನಾಳೆ ನಿಮ್ಮ ಬಸ್ಸಿಗೇ ಬತ್ತೀನಿ. ನಿಮ್ಮ ಪಕ್ಕ ಜಾಗ ಹಿಡಿದಿಡ್ತೀರಾ?"

ಬಸವಪ್ರಸಾದನ ತಲೆ ಆಡಲು ಹೊರಟಿತು. ಅದನ್ನು ತಡೆದು, ಬಾಯಿ ಬಿಟ್ಟು, "ಹಿಡಿದಿಡ್ತೀನಿ" ಅಂದ. ಒಂದೇ ಏಟಿಗೆ ಅಂದದ್ದಕ್ಕೆ ಒಳಗಿದ್ದ ಶಿವರುದ್ರಮ್ಮನ ಕೈಯಿಂದ ತಟ್ಟೆ ಬಿತ್ತು.

ಮೇಷ್ಟರೂ ಮಗಳೂ ಸುನೀಲ್ ಕುಮಾರನೂ ಬಸ್ ಸ್ಟ್ಯಾಂಡಿನ ಕಡೆ ತಿರುಗಿದರು. ಮೇಷ್ಟರ ಮಾತು ಮೂಲೆ ದಾಟಿದರೂ ಕೇಳುತ್ತಿತ್ತು. ಮಹಾಲಕ್ಷ್ಮಮ್ಮ ಚಪ್ಪಲಿ ಹಾಕಿಕೊಳ್ಳುವ ನೆವದಲ್ಲಿ ಹಿಂದೆ ಉಳಿದು, ಆ ಕಡೆ ಈ ಕಡೆ ನೋಡಿ, ಬಸವಪ್ರಸಾದನ ಕಿವಿಯ ಹತ್ತಿರ ಬಂದರು.

"ಮಗ, ಇದು ಎಲ್ಲಿ ಸಿಕ್ತದೆ?" ಅಂತ ಪಿಸುಗುಟ್ಟಿದರು. "ನಂಗೆ ಒಳ್ಗಿನ ಹಾಡು ಗೀಡು ಏನೂ ಬ್ಯಾಡ. ಬರೀ ಮುಚ್ಚಳ ಕೊಟ್ರೂ ಸಾಕು."